ಬಡ್ತಿ ತಡೆದಿದ್ದಾರೆ, ಕೋರ್ಟಿಗೆ ಹೋಗಲೇ? ಕಾಸರಗೋಡಿನ ಅಧ್ಯಾಪಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕಾಸರಗೋಡಿನವಳು. ಕೇರಳದ ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ 2010ರ ಆಗಸ್ಟ್‌ನಿಂದ ಅಸಿಸ್ಟೆಂಟ್ ಪ್ರೊಫೆಸರ್. ಸೇರುವಾಗಲೇ ಪಿಎಚ್.ಡಿ. ಆಗಿತ್ತು. 2022ರ ಆಗಸ್ಟ್‌ಗೆ ಅಸೋಸಿಯೇಟ್ ಪ್ರೊಫೆಸರ್ ಬಡ್ತಿ ಸಿಗಬೇಕಿತ್ತು. ಅರ್ಜಿಯನ್ನು ಮೊದಲೇ ಕೊಟ್ಟಿದ್ದೆ. ಸಮಿತಿ ಕೂತದ್ದು ಎರಡು ವರ್ಷ ದಾಟಿದ ಮೇಲೆ. ಹೊರಗಿನಿಂದ ಬಂದ ಇಬ್ಬರು ತಜ್ಞರಲ್ಲಿ ಒಬ್ಬರು ಕನ್ನಡದವರು, ಇನ್ನೊಬ್ಬರು ಮಲಯಾಳಂ ಪ್ರೊಫೆಸರ್. ಕೊನೆಗೆ ‘ಶಿಫಾರಸು ಮಾಡಿಲ್ಲ’ ಎಂಬ ಒಂದು ಸಾಲಿನ ಪತ್ರ ಬಂತು. ನನ್ನ ಕನ್ನಡ ಲೇಖನಗಳು ಬಂದ ಪತ್ರಿಕೆಗಳು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪಟ್ಟಿಯಲ್ಲಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರು. 2010ಕ್ಕಿಂತ ಮೊದಲಿನ ಎರಡು ವರ್ಷದ ಗುತ್ತಿಗೆ ಸೇವೆಯನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ನನಗಿಂತ ನಂತರ ಸೇರಿದ ಬೇರೆ ವಿಭಾಗದವರಿಗೆ ಬಡ್ತಿ ಸಿಕ್ಕಿದೆ. ಕೋರ್ಟಿಗೆ ಹೋಗಬೇಕೇ, ಅಥವಾ ಸುಮ್ನೆ ಮತ್ತೊಮ್ಮೆ ಅರ್ಜಿ ಹಾಕಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಐದು ದೂರುಗಳಿವೆ. ಐದೂ ನಿಮಗೆ ಒಂದೇ ಸಮನಾಗಿ ನೋವು ಕೊಟ್ಟಿರಬಹುದು. ಆದರೆ ಕೋರ್ಟಿನಲ್ಲಿ ಅವುಗಳ ತೂಕ ಒಂದೇ ಅಲ್ಲ. ಎರಡು ತುಂಬಾ ಗಟ್ಟಿ. ಒಂದು ದಾಖಲೆ ಸಿಕ್ಕರೆ ಗಟ್ಟಿ. ಉಳಿದೆರಡನ್ನು, ಈಗಿರುವ ರೂಪದಲ್ಲಿ, ಬಿಟ್ಟುಬಿಡುವುದು ವಾಸಿ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ನೀವು ಒಳ್ಳೆಯ ವಿದ್ವಾಂಸರು ಹೌದೋ ಅಲ್ಲವೋ ಎಂದು ನ್ಯಾಯಾಧೀಶರು ಅಳೆಯುವುದಿಲ್ಲ. ನಮ್ಮ ಮೈಸೂರಿನದೇ ಹಳೆಯ ಕೇಸಿದೆ: ಮೈಸೂರು ವಿಶ್ವವಿದ್ಯಾಲಯ ಮತ್ತು ಗೋವಿಂದ ರಾವ್ ನಡುವಿನದು. ಇಂಗ್ಲಿಷ್ ರೀಡರ್ ಹುದ್ದೆಯ ನೇಮಕ ಸರಿಯಲ್ಲ ಎಂಬುದು ಅಲ್ಲಿನ ತಕರಾರು. ಶೈಕ್ಷಣಿಕ ತಜ್ಞರ ಅಭಿಪ್ರಾಯದಲ್ಲಿ ಕೋರ್ಟು ಸುಲಭಕ್ಕೆ ಕೈಹಾಕಬಾರದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1963ರಲ್ಲಿ ಹೇಳಿತು. ಅಂದಿನಿಂದ ಇಂದಿನವರೆಗೆ ವಿಶ್ವವಿದ್ಯಾಲಯದ ವಕೀಲರು ಮೊದಲು ತೆಗೆಯುವುದು ಅದೇ ತೀರ್ಪನ್ನು. 1990ರ ನೀಲಿಮಾ ಮಿಶ್ರಾ ಕೇಸೂ, ಅದೇ ಹೊತ್ತಿನ ದಲಪತ್ ಅಬಾಸಾಹೇಬ್ ಸೋಳುಂಕೆ ಕೇಸೂ ಅದೇ ದಾರಿಯವು. ಹಾಗಾಗಿ ‘ನನ್ನ ಸಂಶೋಧನೆ ಚೆನ್ನಾಗಿದೆ, ಅವರು ಕಡಿಮೆ ಅಂಕ ಕೊಟ್ಟರು’ ಎಂದು ಹೋದರೆ ಅರ್ಜಿ ಹೊಸ್ತಿಲಲ್ಲೇ ಬೀಳುತ್ತದೆ. ‘ಸಮಿತಿ ತನ್ನ ನಿಯಮವನ್ನೇ ಮುರಿಯಿತು’ ಎಂದು ಹೋದರೆ ಕೋರ್ಟು ಕೇಳಲೇಬೇಕು. ಬಡ್ತಿ ಸಿಗುವುದು ಮೂಲಭೂತ ಹಕ್ಕಲ್ಲ, ಬಡ್ತಿಗೆ ನ್ಯಾಯವಾಗಿ ಪರಿಗಣಿಸಲ್ಪಡುವುದು ಮೂಲಭೂತ ಹಕ್ಕು ಎಂದು 1999ರ ಅಜಿತ್ ಸಿಂಗ್ ತೀರ್ಪು ಹೇಳಿದೆ. ನಿಮ್ಮ ಅರ್ಜಿಯ ಪ್ರತಿಯೊಂದು ಪ್ಯಾರಾವೂ ಈ ಎರಡನೆಯದರ ಮೇಲೆ ನಿಲ್ಲಬೇಕು.

ಈಗ ನಿಯಮಕ್ಕೆ ಬರೋಣ. ನಿಮಗೆ ಅನ್ವಯಿಸುವುದು ಯುಜಿಸಿಯ 2018ರ ಜುಲೈ 18ರ ನಿಯಮಾವಳಿ. ಅಸಿಸ್ಟೆಂಟ್ ಪ್ರೊಫೆಸರ್ ಸೇರುವ ವೇತನ ಹಂತ ಲೆವೆಲ್ 10. ಪಿಎಚ್.ಡಿ. ಇದ್ದವರಿಗೆ ಲೆವೆಲ್ 10ರಿಂದ 11ಕ್ಕೆ ನಾಲ್ಕು ವರ್ಷ, 11ರಿಂದ 12ಕ್ಕೆ ಐದು ವರ್ಷ, 12ರಿಂದ 13ಎ, ಅಂದರೆ ಅಸೋಸಿಯೇಟ್ ಪ್ರೊಫೆಸರ್‌ಗೆ ಮೂರು ವರ್ಷ. 2010ರಿಂದ ಹನ್ನೆರಡು ವರ್ಷ ಕೂಡಿಸಿದರೆ 2022ರ ಆಗಸ್ಟ್. ಲೆಕ್ಕ ಸರಿಯಿದೆ. 2025ರ ಜನವರಿಯಲ್ಲಿ ಬಂದ ಹೊಸ ಕರಡು ನಿಯಮವನ್ನು ಯಾರಾದರೂ ತೋರಿಸಿದರೆ ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಡ್ಯೂ ಡೇಟ್ ಅದಕ್ಕಿಂತ ಎಷ್ಟೋ ಹಿಂದಿನದು.

13ಎಗೆ ಬೇಕಾದದ್ದು ಏಳು ಪ್ರಕಟಣೆ. ಅದರಲ್ಲಿ ಮೂರು ಮೌಲ್ಯಮಾಪನದ ಅವಧಿಯೊಳಗೆ ಬಂದಿರಬೇಕು. ಕನಿಷ್ಠ ಒಬ್ಬ ಪಿಎಚ್.ಡಿ. ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿದ ಪುರಾವೆ ಬೇಕು. ಸಂಶೋಧನಾ ಅಂಕ 70 ಇರಬೇಕು. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಂದು ಲೇಖನಕ್ಕೆ 10 ಅಂಕ. ಏಳು ಲೇಖನಕ್ಕೆ ಎಪ್ಪತ್ತಾಯಿತಲ್ಲ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಅಂಕಗಳ ಪಟ್ಟಿಯಲ್ಲಿ ಆರು ವಿಭಾಗಗಳಿವೆ, ಅಂಕಗಳು ಕನಿಷ್ಠ ಮೂರು ವಿಭಾಗಗಳಿಂದ ಬರಬೇಕು. ಇದನ್ನು ಗಮನಿಸದೆ ತುಂಬಾ ಜನ ಎಡವುತ್ತಾರೆ. ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಸಂಪಾದಿತ ಪುಸ್ತಕದ ಅಧ್ಯಾಯಕ್ಕೆ 5 ಅಂಕ ಇದೆ. ನಮ್ಮ ಗಡಿನಾಡಿನವರಿಗೆ ಮುಖ್ಯವಾದದ್ದು ಅನುವಾದ. ಅನುವಾದಿಸಿದ ಪುಸ್ತಕಕ್ಕೆ 8, ಅಧ್ಯಾಯ ಅಥವಾ ಲೇಖನಕ್ಕೆ 3 ಅಂಕ. ಮಲಯಾಳಂನಿಂದ ಕನ್ನಡಕ್ಕೆ ತಂದ ಕೆಲಸವನ್ನು ನಮ್ಮಲ್ಲಿ ಹಲವರು ‘ಸಾಹಿತ್ಯ ಸೇವೆ’ ಎಂದುಕೊಂಡು ಫಾರ್ಮಿನಲ್ಲಿ ಬರೆಯುವುದೇ ಇಲ್ಲ. ದಯವಿಟ್ಟು ಬರೆಯಿರಿ. ಕೋರ್ಟಿಗೆ ಹೋಗುವ ಮೊದಲು ಈ ಲೆಕ್ಕವನ್ನು ನೀವೇ ಕೂತು ಹಾಕಿ. ಲೆಕ್ಕದಲ್ಲೇ ನೀವು ಅರ್ಹರಲ್ಲ ಎಂದಾದರೆ ಉಳಿದ ಎಲ್ಲ ವಾದವೂ ವ್ಯರ್ಥ.

ಇನ್ನು ನಿಮ್ಮ ಗಟ್ಟಿ ವಾದ ಒಂದನೆಯದು: ಪತ್ರಿಕೆಗಳ ಪಟ್ಟಿ. ಇದು ಕನ್ನಡ ವಿಭಾಗದವರನ್ನು ಎಲ್ಲೆಡೆ ಕಾಡುತ್ತಿರುವ ವಿಷಯ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಯುಜಿಸಿ ಒಪ್ಪಿದ ಸಂಶೋಧನಾ ಪತ್ರಿಕೆಗಳ ಪಟ್ಟಿಯಾದ ‘ಕೇರ್’ ಜಾರಿಗೆ ಬಂದದ್ದು 2019ರ ಜೂನ್ 14ರಂದು. ಅದು ಮುಂದಿನ ಪ್ರಕಟಣೆಗಳಿಗೆ ಮಾತ್ರ, ಹಿಂದಿನವಕ್ಕೆ ಅಲ್ಲ ಎಂದು ಯುಜಿಸಿಯೇ ಹೇಳಿತ್ತು. ಅಂದರೆ 2014ರಲ್ಲೋ 2016ರಲ್ಲೋ ಬಂದ ಲೇಖನವನ್ನು ‘ಕೇರ್‌ನಲ್ಲಿ ಇಲ್ಲ’ ಎಂದು ತಳ್ಳುವುದು ನಿಯಮಕ್ಕೇ ವಿರುದ್ಧ. ಆದ್ದರಿಂದ ನಿಮ್ಮ ಲೇಖನಗಳನ್ನು ಪ್ರಕಟವಾದ ದಿನಾಂಕದ ಪ್ರಕಾರ ಎರಡು ಗುಂಪು ಮಾಡಿ. ಮೊದಲ ಗುಂಪಿನ ಬಗ್ಗೆ ನಿಮ್ಮ ವಾದ ಬಹಳ ಸುಲಭ. ನಿಜವಾದ ಜಗಳ ಇರುವುದು ನಿಮ್ಮ ಮೌಲ್ಯಮಾಪನದ ಅವಧಿಯ, ಅಂದರೆ 2019ರ ಆಗಸ್ಟ್‌ನಿಂದ 2022ರ ಆಗಸ್ಟ್‌ವರೆಗಿನ ಆ ಮೂರು ಲೇಖನಗಳ ಮೇಲೆ. ಅವು ಕೇರ್ ಕಾಲದವು.

ಅಲ್ಲಿಯೂ ನಿಮಗೆ ನೆಲೆಯಿದೆ. 2018ರ ನಿಯಮ ಎರಡು ಬಾಗಿಲು ತೆರೆದಿಟ್ಟಿದೆ. ಲೇಖನ ತಜ್ಞರ ಪರಿಶೀಲನೆ ಆದ ಪತ್ರಿಕೆಯಲ್ಲಿ ಬಂದಿದ್ದರೂ ಸರಿ, ಯುಜಿಸಿ ಪಟ್ಟಿಯ ಪತ್ರಿಕೆಯಲ್ಲಿ ಬಂದಿದ್ದರೂ ಸರಿ. ಎರಡೂ ಬೇಕು ಎಂದು ಅದು ಹೇಳುವುದಿಲ್ಲ. ಹೀಗಿರುವಾಗ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಲೇಖನವನ್ನು ತೆಗೆದುಹಾಕಿದ್ದರೆ, ಸಮಿತಿ ನಿಯಮದ ಅರ್ಧವನ್ನಷ್ಟೇ ಓದಿದೆ ಎಂದಾಯಿತು. ಆದರೆ ಪರಿಶೀಲನೆ ನಡೆದಿತ್ತು ಎಂದು ತೋರಿಸುವ ಹೊಣೆ ನಿಮ್ಮದು. ಸಂಪಾದಕರ ಪತ್ರ, ಪರಿಶೀಲಕರು ಕಳಿಸಿದ ಟಿಪ್ಪಣಿ, ತಿದ್ದಿ ಮರಳಿ ಕೊಟ್ಟ ಪ್ರತಿ, ಐಎಸ್ಎಸ್ಎನ್, ಸಂಪಾದಕ ಮಂಡಳಿಯ ಪುಟ, ಇವೆಲ್ಲ ಬೇಕು. ಕನ್ನಡದ ಸಣ್ಣ ಪತ್ರಿಕೆಗಳಲ್ಲಿ ಪರಿಶೀಲನೆ ಎಷ್ಟೋ ಸಲ ಫೋನಿನಲ್ಲೇ ಮುಗಿಯುತ್ತದೆ, ಕಾಗದ ಇರುವುದಿಲ್ಲ. ಸಂಪಾದಕರನ್ನು ಈಗಲೇ ಸಂಪರ್ಕಿಸಿ. ಆಗ ನಡೆದದ್ದನ್ನು ಇದ್ದಂತೆ ಬರೆದುಕೊಡಲು ಕೇಳಿ. ಇಲ್ಲದ ಪರಿಶೀಲನೆಯನ್ನು ಇತ್ತೆಂದು ಬರೆಸಬೇಡಿ. ಅಂಥ ಒಂದು ಕಾಗದ ಸಿಕ್ಕಿಬಿದ್ದರೆ ಇಡೀ ಕೇಸು ಹೋಗುತ್ತದೆ.

ಇನ್ನೊಂದು ವಿಷಯ. ಯುಜಿಸಿ 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೇ ನಿಲ್ಲಿಸಿತು. ಪತ್ರಿಕೆಯ ಗುಣಮಟ್ಟ ನೋಡುವ ಕೆಲಸವನ್ನು ಸಂಸ್ಥೆಗಳಿಗೆ ಬಿಟ್ಟಿತು. ಇದರಿಂದ ನಿಮ್ಮ ಹಳೆಯ ತಿರಸ್ಕಾರ ತಾನಾಗಿ ರದ್ದಾಗುವುದಿಲ್ಲ. ಆದರೆ ಮರುಪರಿಶೀಲನೆ ನಡೆದರೆ ಪಟ್ಟಿಯ ಹಿಂದೆ ಅಡಗಿಕೊಳ್ಳುವುದು ಸಮಿತಿಗೆ ಕಷ್ಟ. ಭಾರತೀಯ ಭಾಷೆಗಳಲ್ಲಿ ಬರೆಯುವವರಿಗೆ ಆ ಪಟ್ಟಿ ಮಾಡಿದ ಅನ್ಯಾಯ ಸಣ್ಣದಲ್ಲ. ಕನ್ನಡದ ಒಳ್ಳೊಳ್ಳೆಯ ನಿಯತಕಾಲಿಕಗಳು ಅದರ ಹೊರಗೇ ಉಳಿದವು, ಅಲ್ವಾ? ತುಳುನಾಡಿನ ಪಾಡ್ದನದ ಬಗ್ಗೆ, ಯಕ್ಷಗಾನದ ಬಗ್ಗೆ ಬರೆಯುವವರು ಯಾವ ದೂರದ ಪತ್ರಿಕೆಗೆ ಕಳಿಸಬೇಕಿತ್ತು?

ಎರಡನೆಯ ಗಟ್ಟಿ ವಾದ ಸಮಿತಿಯ ರಚನೆ. ಅಸೋಸಿಯೇಟ್ ಪ್ರೊಫೆಸರ್ ಬಡ್ತಿಗೆ ಆಯ್ಕೆ ಸಮಿತಿಯಲ್ಲಿ ಸಂಬಂಧಪಟ್ಟ ವಿಷಯದ ಮೂವರು ಹೊರಗಿನ ತಜ್ಞರು ಇರಬೇಕು. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಹಾಜರಿಗೆ, ಕನಿಷ್ಠ ನಾಲ್ಕು ಸದಸ್ಯರು ಬೇಕು, ಅವರಲ್ಲಿ ಇಬ್ಬರು ಹೊರಗಿನ ವಿಷಯ ತಜ್ಞರಾಗಿರಬೇಕು. ನಿಮ್ಮ ಸಭೆಗೆ ಬಂದ ಇಬ್ಬರಲ್ಲಿ ಒಬ್ಬರು ಮಲಯಾಳಂನವರು. ಕನ್ನಡದ ಹುದ್ದೆಗೆ ಮಲಯಾಳಂ ಪ್ರೊಫೆಸರ್ ವಿಷಯ ತಜ್ಞರೇ? ಅಲ್ಲ ಎಂದರೆ ಕೋರಂ ಇರಲಿಲ್ಲ. ಕೋರಂ ಇರಲಿಲ್ಲವೆಂದರೆ ಆ ಸಭೆಯ ತೀರ್ಮಾನಕ್ಕೇ ಬೆಲೆಯಿಲ್ಲ. ಆ ಪ್ರೊಫೆಸರ್ ದೊಡ್ಡ ವಿದ್ವಾಂಸರೇ ಇರಬಹುದು, ಅದು ಬೇರೆ ಮಾತು. ಕನ್ನಡ ಲೇಖನ ಓದಿ ಅಂಕ ಕೊಡಬಲ್ಲ ಇಬ್ಬರು ಅಲ್ಲಿದ್ದರೇ ಎಂಬುದಷ್ಟೇ ಪ್ರಶ್ನೆ. ತಜ್ಞರ ಅಭಿಪ್ರಾಯಕ್ಕೆ ಕೋರ್ಟು ಕೊಡುವ ಗೌರವ ಆ ವಿಷಯದ ತಜ್ಞರಿಗೆ. ಮೈಸೂರಿನ ತೀರ್ಪಿನ ಬಲವೂ ಅದರ ಮೇಲೆಯೇ ನಿಂತಿದೆ.

ಇಲ್ಲಿ ವಿಶ್ವವಿದ್ಯಾಲಯದವರು ಒಂದು ತಡೆ ಒಡ್ಡುತ್ತಾರೆ. ‘ಸಂದರ್ಶನಕ್ಕೆ ಕೂತಿರಿ, ಆಗ ಮಾತಾಡಲಿಲ್ಲ, ಸೋತ ಮೇಲೆ ತಕರಾರೇ?’ ಇದಕ್ಕೆ ಅವರು ಹಿಡಿದುಕೊಳ್ಳುವುದು 1976ರ ಡಾ. ಜಿ. ಸರಣ ಮತ್ತು ಲಖನೌ ವಿಶ್ವವಿದ್ಯಾಲಯದ ಕೇಸು. ಮಾನವಶಾಸ್ತ್ರದ ಪ್ರೊಫೆಸರ್ ಹುದ್ದೆಯ ಜಗಳ ಅದು. ಸದಸ್ಯರಿಗೆ ಪಕ್ಷಪಾತ ಇದೆಯೆಂದು ಗೊತ್ತಿದ್ದೂ ಸುಮ್ಮನೆ ಸಮಿತಿಯ ಮುಂದೆ ಹೋದವರು ಆಮೇಲೆ ಅದನ್ನು ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ನಿಮಗೆ ಎರಡು ಉತ್ತರಗಳಿವೆ. ಸಮಿತಿಯಲ್ಲಿ ಯಾರಿದ್ದಾರೆಂದು ಕೋಣೆಯೊಳಗೆ ಹೋಗುವ ತನಕ ಅಭ್ಯರ್ಥಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿತ್ತೇ ಇಲ್ಲವೇ ಎಂಬುದನ್ನು ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಎರಡನೆಯದು, 2019ರ ಡಾ. ಮೀತಾ ಸಹಾಯ್ ಮತ್ತು ಬಿಹಾರ ಸರ್ಕಾರದ ತೀರ್ಪು. ಆಯ್ಕೆಯಲ್ಲಿ ಭಾಗವಹಿಸಿದ ಮಾತ್ರಕ್ಕೆ ಕಾನೂನಿನ ಉಲ್ಲಂಘನೆಯನ್ನು ಪ್ರಶ್ನಿಸುವ ಹಕ್ಕು ಹೋಗುವುದಿಲ್ಲ ಎಂದು ಅದು ಹೇಳುತ್ತದೆ. ನಿಮ್ಮದು ಒಬ್ಬ ವ್ಯಕ್ತಿಯ ಪಕ್ಷಪಾತದ ದೂರಲ್ಲ, ನಿಯಮದ ಉಲ್ಲಂಘನೆಯ ದೂರು. ಈ ವ್ಯತ್ಯಾಸವನ್ನು ವಕೀಲರು ಮೊದಲ ಪುಟದಲ್ಲೇ ಬರೆಯಬೇಕು.

ಮೂರನೆಯದು ಕಾರಣವಿಲ್ಲದ ಪತ್ರ. ಸಮಿತಿ ಅಂಕಪಟ್ಟಿಯ ಸಮೇತ ನಡಾವಳಿ ಬರೆದು, ಎಲ್ಲ ಸದಸ್ಯರೂ ಸಹಿ ಹಾಕಿ, ಸಭೆ ಮುಗಿಯುವ ದಿನವೇ ಕೆಲಸ ಮುಗಿಸಬೇಕೆಂದು ನಿಯಮ ಇದೆ. ಆ ಕಾಗದ ನಿಮಗೆ ಬೇಕು. ಮಾಹಿತಿ ಹಕ್ಕಿನಲ್ಲಿ ಇವತ್ತೇ ಕೇಳಿ: ನಿಮ್ಮ ಅರ್ಜಿಯ ಸ್ಕ್ರೀನಿಂಗ್ ಟಿಪ್ಪಣಿ, ಸಮಿತಿಯ ರಚನೆಯ ಆದೇಶ, ನಡಾವಳಿ, ನಿಮ್ಮ ಅಂಕಪಟ್ಟಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ನಡಾವಳಿಯಲ್ಲಿ ಕಾರಣವೇ ಇಲ್ಲದಿದ್ದರೆ ನಿಮಗೆ ದೊಡ್ಡ ಲಾಭ. ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್‌ನಲ್ಲಿ ತುಂಬುವಂತಿಲ್ಲ ಎಂದು 1977ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಹೇಳಿದೆ. ಬಾಯಿಮಾತಿನಲ್ಲಿ ಹೇಳಿದ ಕಾರಣ ಒಂದು, ಕಾಗದದಲ್ಲಿ ಇನ್ನೊಂದು ಎಂದಾದರೆ ಅದನ್ನೂ ಎತ್ತಿ ತೋರಿಸಬಹುದು.

ಬಿಡಬೇಕಾದದ್ದು ಒಂದು, ಗುತ್ತಿಗೆ ಸೇವೆ. ಅದನ್ನು ಎಣಿಸಲು ಮುಖ್ಯವಾಗಿ ಮೂರು ಷರತ್ತು. ಆಗಲೇ ನಿಮಗೆ ಯುಜಿಸಿ ಅರ್ಹತೆ ಇರಬೇಕು. ಸರಿಯಾದ ಆಯ್ಕೆ ಸಮಿತಿಯ ಮೂಲಕ ನೇಮಕ ಆಗಿರಬೇಕು. ಕಾಯಂ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಸಿಗುವ ಒಟ್ಟು ಸಂಬಳಕ್ಕಿಂತ ನಿಮ್ಮದು ಕಡಿಮೆ ಇರಬಾರದು. ಆ ಕಾಲದ ಗುತ್ತಿಗೆ ಅಧ್ಯಾಪಕರ ಸಂಬಳ ನಮಗೆಲ್ಲ ಗೊತ್ತೇ ಇದೆ. ಈ ಮೂರನೆಯ ಷರತ್ತಿನಲ್ಲೇ ಹೆಚ್ಚಿನವರು ಬೀಳುತ್ತಾರೆ. ಎರಡು ವರ್ಷ ದುಡಿದದ್ದು ಲೆಕ್ಕಕ್ಕೆ ಬಾರದಿರುವುದು ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಸಂಬಳದ ದಾಖಲೆ ಷರತ್ತಿಗೆ ಹೊಂದದಿದ್ದರೆ ಈ ವಾದವನ್ನು ಹಾಕಲೇಬೇಡಿ. ಸೋಲುವ ವಾದ ಪಕ್ಕದಲ್ಲಿದ್ದರೆ ಗೆಲ್ಲುವ ವಾದದ ಮೇಲೂ ಅನುಮಾನ ಬೀಳುತ್ತದೆ. ಅನುಭವದ ಲೆಕ್ಕ ಎಷ್ಟು ಜಟಿಲ ಎಂಬುದಕ್ಕೆ ಹತ್ತಿರದ ಉದಾಹರಣೆ ಕಣ್ಣೂರು ವಿಶ್ವವಿದ್ಯಾಲಯದ ಮಲಯಾಳಂ ಅಸೋಸಿಯೇಟ್ ಪ್ರೊಫೆಸರ್ ನೇಮಕದ ಕೇಸು. ಪಿಎಚ್.ಡಿ. ಮಾಡಿದ ಅವಧಿ ಬೋಧನಾ ಅನುಭವ ಅಲ್ಲ ಎಂದು 2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2023ರ ಜೂನ್‌ನಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಅದು ನೇರ ನೇಮಕದ ವಿಷಯ, ನಿಮ್ಮದು ಬಡ್ತಿ. ಆದರೂ ಪಾಠ ಒಂದೇ.

ಬಿಡಬೇಕಾದದ್ದು ಎರಡು, ‘ನಂತರ ಬಂದವರಿಗೆ ಸಿಕ್ಕಿತು’ ಎಂಬ ದೂರು. ಇದು ಖಾಲಿ ಹುದ್ದೆಗೆ ನಡೆಯುವ ಸ್ಪರ್ಧೆಯಲ್ಲ. ಸಿಎಎಸ್ (ಅಧ್ಯಾಪಕರ ವೃತ್ತಿ ಉನ್ನತಿ ಯೋಜನೆ) ಬಡ್ತಿ ಆಯಾ ಅಧ್ಯಾಪಕರಿಗೆ ವೈಯಕ್ತಿಕವಾಗಿ ಸಿಗುವುದು. ಅವರಿಗೆ ಸಿಕ್ಕಿದ್ದರಿಂದ ನಿಮ್ಮದು ತಪ್ಪಲಿಲ್ಲ. ಅವರನ್ನು ಪ್ರತಿವಾದಿ ಮಾಡಿ ವೈರ ಕಟ್ಟಿಕೊಳ್ಳಬೇಡಿ. ಒಂದೇ ಒಂದು ಸಂದರ್ಭದಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಪಟ್ಟಿಯಲ್ಲಿಲ್ಲದ ಮಲಯಾಳಂ ಅಥವಾ ಹಿಂದಿ ಪತ್ರಿಕೆಯ ಲೇಖನವನ್ನು ಬೇರೆ ವಿಭಾಗದಲ್ಲಿ ಒಪ್ಪಿ, ಕನ್ನಡದ್ದನ್ನು ಮಾತ್ರ ತಳ್ಳಿದ್ದರೆ ಅದು ಸಂವಿಧಾನದ 14ನೇ ವಿಧಿಯ, ಅಂದರೆ ಸಮಾನತೆಯ ಪ್ರಶ್ನೆ. ಅದಕ್ಕೆ ದಾಖಲೆ ಬೇಕು, ಊಹೆ ಸಾಲದು.

ಈಗ ನಿಮ್ಮ ಕೊನೆಯ ಪ್ರಶ್ನೆ: ಸುಮ್ನೆ ಮತ್ತೊಮ್ಮೆ ಅರ್ಜಿ ಹಾಕಬಹುದೇ? ಹಾಕಿ, ಆದರೆ ಸುಮ್ನೆ ಹಾಕಬೇಡಿ. 2018ರ ನಿಯಮದಲ್ಲಿ ಹೀಗಿದೆ: ಮೊದಲ ಸಲ ಆಗದವರನ್ನು ಒಂದು ವರ್ಷದ ನಂತರವಷ್ಟೇ ಮತ್ತೆ ಪರಿಗಣಿಸಬೇಕು, ಆಗ ಬಡ್ತಿ ಸಿಕ್ಕರೆ ಅದು ತಿರಸ್ಕರಿಸಿದ ದಿನದಿಂದ ಒಂದು ವರ್ಷದ ಮೇಲಿನ ದಿನಾಂಕದಿಂದ ಲೆಕ್ಕ. ಆದರೆ ಅವಧಿ ತುಂಬಿದಾಗ ಅರ್ಜಿ ಕೊಟ್ಟು ಮೊದಲ ಸಲವೇ ಆದವರಿಗೆ ಅರ್ಹತೆಯ ದಿನದಿಂದಲೇ ಬಡ್ತಿ. ಅಂದರೆ ತಿರಸ್ಕಾರವನ್ನು ಒಪ್ಪಿಕೊಂಡು ಹೊಸ ಅರ್ಜಿ ಕೊಟ್ಟರೆ 2022ರ ಆಗಸ್ಟ್‌ನಿಂದ ಮೂರು ವರ್ಷಕ್ಕಿಂತ ಜಾಸ್ತಿ ಹೋಗುತ್ತದೆ. ಅರಿಯರ್ಸ್ ಮಾತ್ರ ಅಲ್ಲ. ಪ್ರೊಫೆಸರ್ ಬಡ್ತಿಗೆ ಬೇಕಾದ ಮೂರು ವರ್ಷವೂ ಅಷ್ಟೇ ಹಿಂದೆ ಬೀಳುತ್ತದೆ. ಅರ್ಜಿ ಬಂದ ಆರು ತಿಂಗಳಲ್ಲಿ ಪ್ರಕ್ರಿಯೆ ಮುಗಿಸಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯ ಮುರಿದಿದೆ. ಅದರ ಬೆಲೆ ನೀವೇಕೆ ತೆರಬೇಕು? ಹೊಸ ಅರ್ಜಿಯ ಮೇಲೆಯೇ ‘2022ರ ದಿನಾಂಕದ ಹಕ್ಕನ್ನು ಬಿಟ್ಟುಕೊಡದೆ ಕೊಡುತ್ತಿದ್ದೇನೆ’ ಎಂದು ಬರೆಯಿರಿ.

ಹಿಂದಿನ ದಿನಾಂಕದಿಂದ ಬಡ್ತಿ ಕೇಳಿದಾಗ ಎದುರಿನವರು 1989ರ ಕೆ.ಕೆ. ವಡೇರಾ ತೀರ್ಪನ್ನೂ 2024ರ ನವೆಂಬರ್‌ನ ಡಾ. ಅಮಲ್ ಸತ್ಪತಿ ತೀರ್ಪನ್ನೂ ತರುತ್ತಾರೆ. ಬಡ್ತಿ ಆದೇಶದ ದಿನದಿಂದಲೇ ಹೊರತು ಹಿಂದಿನಿಂದ ಅಲ್ಲ ಎಂಬುದು ಅಲ್ಲಿನ ಸಾಮಾನ್ಯ ತತ್ವ. ಆದರೆ ಅದು ಹಿಂದಿನ ದಿನಾಂಕ ಕೊಡುವ ನಿಯಮ ಇಲ್ಲದಿರುವ ಕಡೆಗೆ. ಸಿಎಎಸ್‌ನಲ್ಲಿ ನಿಯಮವೇ ಕೊಟ್ಟಿದೆ. ಆದರೆ ಒಂದು ಎಚ್ಚರಿಕೆ ಓದುವ ಎಲ್ಲರಿಗೂ: ಸಮಿತಿ ಪರಿಗಣಿಸುವ ದಿನ ನೀವು ಸೇವೆಯಲ್ಲಿ ಇರಬೇಕು. ನಿವೃತ್ತಿ ಹತ್ತಿರ ಇರುವವರು ಒಂದು ದಿನವೂ ಕಾಯಬೇಡಿ.

ಎಲ್ಲಿಗೆ ಹೋಗಬೇಕು ಎಂಬುದು ನಿಮ್ಮ ಸಂಸ್ಥೆ ಯಾವುದು ಎಂಬುದರ ಮೇಲಿದೆ. ನೀವು ಹೆಸರು ಬರೆದಿಲ್ಲ, ಬರೆಯದಿದ್ದದ್ದು ಒಳ್ಳೆಯದೇ. ರಾಜ್ಯ ವಿಶ್ವವಿದ್ಯಾಲಯವಾದರೆ ಕೇರಳ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಅದರ ಜೊತೆ ಯುಜಿಸಿ ನಿಯಮವನ್ನು ಕೇರಳ ಸರ್ಕಾರ ಜಾರಿಗೊಳಿಸಿದ ಆದೇಶವನ್ನು ಲಗತ್ತಿಸಿ. ರಾಜ್ಯ ಅಳವಡಿಸಿಕೊಳ್ಳದಿದ್ದರೆ ಆ ನಿಯಮ ರಾಜ್ಯ ವಿಶ್ವವಿದ್ಯಾಲಯವನ್ನು ಪೂರ್ತಿ ಕಟ್ಟಿಹಾಕುವುದಿಲ್ಲ ಎಂಬ ವಾದಕ್ಕೆ 2015ರ ಕಲ್ಯಾಣಿ ಮದಿವಾಣನ್ ತೀರ್ಪು ಇದೆ. ಅದು ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಕುಲಪತಿಯ ಕೇಸು. ಆದರೆ 2022ರ ಅಕ್ಟೋಬರ್ 21ರಂದು ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟು ಯುಜಿಸಿ ನಿಯಮಕ್ಕೇ ಮೇಲುಗೈ ಕೊಟ್ಟಿತು. ಕೇಂದ್ರೀಯ ವಿಶ್ವವಿದ್ಯಾಲಯವಾದರೆ ಈ ತಲೆನೋವಿಲ್ಲ. ಜೊತೆಗೆ 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ. ಸೇವಾ ಒಪ್ಪಂದದ ವಿವಾದವನ್ನು ನೌಕರರು ಕೇಳಿದರೆ ಮಧ್ಯಸ್ಥಿಕೆ ಮಂಡಳಿಗೆ ಒಪ್ಪಿಸಬೇಕು. ಅದರಲ್ಲಿ ಒಬ್ಬ ಸದಸ್ಯರನ್ನು ನೀವೇ ಸೂಚಿಸಬಹುದು. ಸರ್ಕಾರಿ ಕಾಲೇಜಿನವರು ಇದೇ ತೊಂದರೆಯಲ್ಲಿದ್ದರೆ ಅವರು ಹೋಗಬೇಕಾದದ್ದು ಕೇರಳ ಆಡಳಿತ ನ್ಯಾಯಮಂಡಳಿಗೆ.

ಹೆಚ್ಚು ತಡ ಮಾಡಬೇಡಿ. ಬಡ್ತಿಯ ತಕರಾರನ್ನು ಆರು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ ತರಬೇಕೆಂದು 1974ರಲ್ಲೇ ಸದಾಶಿವಸ್ವಾಮಿ ಮತ್ತು ತಮಿಳುನಾಡು ಸರ್ಕಾರದ ಕೇಸಿನಲ್ಲಿ ಹೇಳಿದ್ದಾರೆ. ಮನವಿ ಮೇಲೆ ಮನವಿ ಕೊಟ್ಟರೆ ಕಾಲಾವಧಿ ಬೆಳೆಯುವುದಿಲ್ಲ. ರಿಜಿಸ್ಟ್ರಾರ್‌ಗೆ ಒಂದೇ ಒಂದು ಸ್ಪಷ್ಟ ಮನವಿ ಕೊಡಿ, ರಸೀದಿ ಪಡೆಯಿರಿ, ಒಂದೆರಡು ತಿಂಗಳು ನೋಡಿ, ಆಮೇಲೆ ಹೊರಡಿ.

ಕೋರ್ಟಿನಿಂದ ಏನು ಸಿಗುತ್ತದೆ ಎಂಬುದನ್ನೂ ತಿಳಿದಿರಿ. ‘ಇವರಿಗೆ ಬಡ್ತಿ ಕೊಡಿ’ ಎಂಬ ನೇರ ಆದೇಶ ಅಪರೂಪ. ತಿರಸ್ಕಾರ ರದ್ದು, ಸರಿಯಾದ ಸಮಿತಿಯಿಂದ ಇಂತಿಷ್ಟು ಕಾಲದೊಳಗೆ ಮರುಪರಿಶೀಲನೆ, ಇದು ಸಾಮಾನ್ಯವಾಗಿ ಬರುವ ಫಲ. ಹಾಗಾಗಿ ಅರ್ಜಿಯ ಪ್ರಾರ್ಥನೆಯಲ್ಲೇ (ಏನು ಪರಿಹಾರ ಬೇಕೆಂದು ಕೇಳುವ ಭಾಗದಲ್ಲಿ) ಮೂರು ವಿಷಯ ಬಿಡಿಬಿಡಿಯಾಗಿ ಕೇಳಿ: ಹೊಸ ಸಮಿತಿಯಲ್ಲಿ ಕನ್ನಡದ ತಜ್ಞರೇ ಇರಬೇಕು, ಕಾರಣ ಬರೆದ ಆದೇಶ ಬೇಕು, ಅರ್ಹರೆಂದಾದರೆ 2022ರ ಆಗಸ್ಟ್‌ನಿಂದಲೇ ಜಾರಿಯಾಗಬೇಕು. ಮೂರನೆಯದನ್ನು ಕೇಳದಿದ್ದರೆ ಗೆದ್ದೂ ಸೋತಂತೆ. ಏಕಸದಸ್ಯ ಪೀಠದಲ್ಲಿ ಆಗದಿದ್ದರೆ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ ಇರುತ್ತದೆ.

ಇನ್ನು ಭಾಷೆ. ರಾಜ್ಯ ಸರ್ಕಾರಕ್ಕೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟಿದೆ. ಸೆಕ್ರೆಟರಿಯೇಟ್‌ಗೆ ಹೋಗುವ ಪತ್ರಗಳಲ್ಲಿ ಅದನ್ನು ಬಳಸಿ. ಆದರೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ನಿಮ್ಮ ಮಲಯಾಳಂ ಆದೇಶಗಳಿಗೂ ಕನ್ನಡ ಪ್ರಮಾಣಪತ್ರಗಳಿಗೂ ಇಂಗ್ಲಿಷ್ ಅನುವಾದ ಬೇಕು. ಮೂರು ಮುಖ್ಯ ಲೇಖನಗಳ ಒಂದೊಂದು ಪುಟದ ಸಾರಾಂಶವನ್ನೂ ಇಂಗ್ಲಿಷಿನಲ್ಲಿ ಸಿದ್ಧ ಮಾಡಿ. ಹೈಕೋರ್ಟಿರುವ ಎರ್ನಾಕುಳಂನ ಹೆಚ್ಚಿನ ವಕೀಲರಿಗೆ ಕನ್ನಡ ಬರುವುದಿಲ್ಲ. ಕೈಯಲ್ಲಿರುವುದು ಯಾವ ಬರಹ ಎಂದು ಗೊತ್ತಿಲ್ಲದೆ ಅವರು ನಿಮ್ಮ ಪರ ಮಾತಾಡುವುದು ಕಷ್ಟ. ಅರ್ಜಿ ಈಗ ಇ-ಫೈಲಿಂಗ್‌ನಲ್ಲೇ ಹೋಗುತ್ತದೆ. ಪ್ರತಿ ವಾಯ್ದೆಗೂ ರಾತ್ರಿ ರೈಲು ಹತ್ತಬೇಕಾಗಿಲ್ಲ. ವಕೀಲರ ಜೊತೆಗಿನ ಮೊದಲ ಭೇಟಿಗೆ ಮಾತ್ರ ನೀವೇ ಹೋಗಿ, ಮಾಹಿತಿ ಹಕ್ಕಿನ ಉತ್ತರ ಕೈಗೆ ಬಂದ ಮೇಲೆ.